ಹಳೆಯ ಫೈಬರ್ ದೋಣಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

ಕಾರವಾರದ ಬೈತಖೋಲದಲ್ಲಾಗಲಿ, ಕುಮಟಾದ ತದಡಿಯಲ್ಲಾಗಲಿ, ಹಳೆಯ ದೋಣಿಯ ವ್ಯಾಪಾರ ಒಂದೇ ಅಂಕಿಯಿಂದ ಶುರುವಾಗುತ್ತದೆ. ಮಾರುವವರು ‘ಎಂಜಿನ್ ಸೇರಿ ಎರಡು ಲಕ್ಷ ಅರವತ್ತು ಸಾವಿರ’ ಎನ್ನುತ್ತಾರೆ, ಕೊಳ್ಳುವವರು ‘ಒಂದು ಎಂಬತ್ತಕ್ಕೆ ಮುಗಿಸಿ’ ಎನ್ನುತ್ತಾರೆ, ಚೌಕಾಸಿ ಎಲ್ಲೋ ನಡುವೆ ನಿಲ್ಲುತ್ತದೆ. ಆ ಅಂಕಿ ದೋಣಿಯ ಸ್ಥಿತಿಯನ್ನು ನೋಡಿ ಬಂದದ್ದಲ್ಲ, ಯಾರಿಗೆ ಎಷ್ಟು ಅವಸರವಿತ್ತು ಎಂಬುದನ್ನು ನೋಡಿ ಬಂದದ್ದು. ಈ ಹಣ ಎಷ್ಟೋ ಮನೆಗಳಲ್ಲಿ ಬಂಗಾರ ಅಡವಿಟ್ಟು ತಂದದ್ದು. ಮೇಲಾಗಿ, ಕೊಟ್ಟವರೂ ಕೊಂಡವರೂ ನಾಳೆ ಬೆಳಗ್ಗೆ ದೋಣಿಗಳು ಬಂದು ನಿಲ್ಲುವ ಅದೇ ದಕ್ಕೆಯಲ್ಲಿ ಮುಖ ನೋಡಬೇಕಾದವರು. ಹಾಗಾಗಿ ಇಬ್ಬರ ಮುಂದೆಯೂ ಕಾಗದದ ಮೇಲೆ ಬರೆದು ತೋರಿಸಬಹುದಾದ ಲೆಕ್ಕ ಬೇಕು.

ದೋಣಿಯನ್ನು ಇಡಿಯಾಗಿ ನೋಡಬೇಡಿ. ಒಡಲು, ಎಂಜಿನ್, ಬಲೆ-ಸಾಮಾನು ಎಂದು ಮೂರು ಭಾಗ ಮಾಡಿ. ಮೂರೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡ ಫೈಬರ್ ಒಡಲು ಹದಿನೈದು ವರ್ಷವೂ ದುಡಿಯಬಹುದು. ಉಪ್ಪುನೀರಿನಲ್ಲಿ ದಿನವೂ ಓಡುವ, ಹಿಂಬದಿಗೆ ಹೊರಗಿನಿಂದ ಬಿಗಿದ ಔಟ್‌ಬೋರ್ಡ್ ಎಂಜಿನ್ ಅದರ ಅರ್ಧ ಕಾಲದಲ್ಲೇ ಸೋತುಹೋಗಬಹುದು.

ಒಡಲು ಬಡಿದು ನೋಡಿ

ದೋಣಿ ದಡದ ಮೇಲಿದ್ದು, ಒಣಗಿರುವಾಗ ಹೋಗಿ. ಚಾಕುವಿನ ಮರದ ಹಿಡಿ ಅಥವಾ ದಪ್ಪ ನಾಣ್ಯದಿಂದ ಮೂತಿಯಿಂದ ಹಿಂಬದಿಯವರೆಗೆ ಗೇಣಿಗೊಂದರಂತೆ ಬಡಿಯುತ್ತಾ ಬನ್ನಿ. ಗಟ್ಟಿ ಫೈಬರ್ ‘ಟಣ್’ ಎಂದು ಬಿಗಿಯಾಗಿ ಉತ್ತರಿಸುತ್ತದೆ. ಪದರಗಳು ಒಳಗೆ ಬಿಟ್ಟುಕೊಂಡಿದ್ದರೆ, ನೀರು ಕುಡಿದಿದ್ದರೆ, ಸದ್ದು ಒಮ್ಮೆಲೇ ‘ದಬ್’ ಎಂದು ಸತ್ತುಹೋಗುತ್ತದೆ. ಅಂಥ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮರಳಿನ ಮೇಲೆ ಎಳೆಯುವಾಗ ಉಜ್ಜುವ ಅಡಿಭಾಗದಲ್ಲೇ ಇಂಥ ಗೆರೆಗಳು ಹೆಚ್ಚಾಗಿ ಬೀಳುತ್ತವೆ.

ಹೊಸದಾಗಿ ಬಣ್ಣ ಬಳಿದ ದೋಣಿಯನ್ನು ಇನ್ನೂ ಗಮನವಿಟ್ಟು ನೋಡಿ. ನನ್ನ ಭಾವ ಕೊಂಡ ಮೊದಲ ದೋಣಿಯ ನೀಲಿ ಬಣ್ಣ ಕೈಗೆ ಅಂಟುವಷ್ಟು ಹೊಸದಾಗಿತ್ತು. ಎರಡು ತಿಂಗಳಾದ ಮೇಲೆ ಆ ಬಣ್ಣದಡಿ ಮೊಳದುದ್ದದ ತೇಪೆ ಕಾಣಿಸಿತು. ಅಂದು ನಾಣ್ಯದಿಂದ ಬಡಿದಿದ್ದರೆ ಅದು ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಆಮೇಲೆ ಎಂಜಿನ್ ಕೂರುವ ಹಿಂಬದಿಯ ಹಲಗೆ. ಹಲವು ದೋಣಿಗಳಲ್ಲಿ ಅದರ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಇಳಿದರೆ ಒಳಗಿನ ಮರ ಸದ್ದಿಲ್ಲದೆ ಕೊಳೆಯುತ್ತದೆ. ಎಂಜಿನ್ನಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ಬಿರುಕು ಬಾಯಿ ಬಿಟ್ಟರೆ, ಕಂದು ನೀರು ಜಿನುಗಿದರೆ, ಆ ಹಲಗೆಯನ್ನು ಪೂರ್ತಿ ಬದಲಿಸುವ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಪ್ರಶ್ನೆಯನ್ನು ಆ ದೋಣಿಯ ಮೇಲೆ ದುಡಿದವರಿಗೇ ಕೇಳಿ: ದಡಕ್ಕೆ ಎಳೆಯಲು ಮೊದಲು ಎಷ್ಟು ಜನ ಸಾಕಾಗುತ್ತಿತ್ತು, ಈಗ ಎಷ್ಟು ಜನ ಬೇಕು? ಸಾಮಾನು ಅಷ್ಟೇ ಇದ್ದು ದೋಣಿ ಭಾರವಾಗಿದ್ದರೆ ಒಡಲು ನೀರು ಕುಡಿದಿರುವ ಸಾಧ್ಯತೆ ಹೆಚ್ಚು.

ಎಂಜಿನ್ ತಣ್ಣಗಿರಲಿ

ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಹೇಳಿಟ್ಟಿರಿ. ಹೋದೊಡನೆ ಮುಚ್ಚಳ ತೆಗೆದು ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ. ತಣ್ಣಗಿನ ಎಂಜಿನ್ ಎಷ್ಟು ಎಳೆತಕ್ಕೆ ಹೊತ್ತಿಕೊಳ್ಳುತ್ತದೆ ಎಂಬುದರಲ್ಲೇ ಅದರ ಆರೋಗ್ಯದ ಅರ್ಧ ಕಥೆ ಇದೆ. ತಣಿಸುವ ನೀರು ಹಿಂದಿನಿಂದ ಬಿಗಿಯಾಗಿ ಚಿಮ್ಮುತ್ತಿರಬೇಕು. ಮೆಕ್ಯಾನಿಕ್ ಬಳಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇದ್ದರೆ ಎರಡೂ ಸಿಲಿಂಡರ್ ಅಳೆಸಿ. ವ್ಯತ್ಯಾಸ ಶೇ 10ಕ್ಕಿಂತ ಹೆಚ್ಚಿದ್ದರೆ ದೊಡ್ಡ ಕೆಲಸ ಕಾದಿದೆ. ಗೇರ್ ಎಣ್ಣೆಯನ್ನು ನಾಲ್ಕು ಹನಿ ಬಿಳಿ ಬಟ್ಟೆಯ ಮೇಲೆ ಇಳಿಸಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಸೀಲ್ ಸೋತು ನೀರು ಒಳಗೆ ಹೋಗಿದೆ ಎಂದರ್ಥ.

ಅಶ್ವಶಕ್ತಿಯೂ ಬೆಲೆಯ ಭಾಗವೇ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. 10 ಅಶ್ವಶಕ್ತಿಯವರೆಗಿನ ಮೋಟಾರು ಅಳವಡಿಸಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಳಿವೆ ದಾಟಲು ಹವಾಮಾನ ಬಿಟ್ಟುಕೊಟ್ಟ ದಿನಗಳಲ್ಲಿ ಆ ದೋಣಿ ಮಳೆಗಾಲದಲ್ಲೂ ದುಡಿಯುತ್ತದೆ. ಹೆಚ್ಚು ಶಕ್ತಿಯ ಎಂಜಿನ್ನಿಗೆ ಹೆಚ್ಚು ಹಣ ಕೊಡುವ ಮೊದಲು ಇದನ್ನು ಯೋಚಿಸಿ.

ಬಲೆ, ಹಗ್ಗ, ಐಸ್ ಪೆಟ್ಟಿಗೆ, ಲೈಫ್ ಜಾಕೆಟ್, ಜಿಪಿಎಸ್‌ಗಳನ್ನು ನಿಮಗೆ ಬೇಕಾದಷ್ಟಕ್ಕೆ ಮಾತ್ರ ಲೆಕ್ಕ ಹಾಕಿ. ಬಂಗುಡೆ ಹಿಡಿಯುವವರಿಗೆ ಸಿಗಡಿ ಬಲೆಯ ಬೆಲೆ ಸೊನ್ನೆ. ಹಾಯಿಯೂ ಜೊತೆಗೆ ಬರುತ್ತಿದ್ದರೆ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ಬಿಸಿಲಿಗೆ ಬಟ್ಟೆಗಿಂತ ಮೊದಲು ನೂಲೇ ಸಾಯುತ್ತದೆ.

ಕಾಗದದ ಮೇಲೆ

ಈಗ ಲೆಕ್ಕ. ಇಲ್ಲಿನ ಅಂಕಿಗಳು ವಿಧಾನ ತೋರಿಸಲು ಹಿಡಿದವು. ನಿಮ್ಮೂರಿನ ದೋಣಿ ಕಟ್ಟುವವರಿಂದ ಮತ್ತು ಎಂಜಿನ್ ಅಂಗಡಿಯಿಂದ ಇಂದಿನ ದರ ತಂದು ತುಂಬಿಕೊಳ್ಳಿ. ಎಂಟು ವರ್ಷದ ಒಡಲು, ಅದೇ ಅಳತೆಯ ಹೊಸದಕ್ಕೆ 3,00,000 ರೂಪಾಯಿ ಎಂದುಕೊಳ್ಳೋಣ. ಅರ್ಧ ಆಯುಷ್ಯ ಉಳಿದಿದೆ ಎಂದರೆ 1,50,000. ಎಂಜಿನ್ ಹೊಸದು 2,00,000, ಐದು ಹಂಗಾಮು ದುಡಿದಿದೆ, ಉಳಿದದ್ದು 70,000. ಬಲೆ-ಸಾಮಾನು 25,000. ಒಟ್ಟು 2,45,000. ಇದರಿಂದ ನಾಳೆಯೇ ಸಮುದ್ರಕ್ಕೆ ಇಳಿಸಲು ತಗಲುವ ದುರಸ್ತಿ ಕಳೆಯಿರಿ: ಹಿಂಬದಿಯ ಹಲಗೆ 30,000, ಸೀಲ್ ಮತ್ತು ಎಣ್ಣೆ 8,000, ಅಡಿಯ ತೇಪೆ, ಬಣ್ಣ 7,000. ಉಳಿಯುವುದು 2,00,000.

ಈ ಅಂಕಿಯನ್ನು ಇತ್ತೀಚೆಗೆ ನಿಮ್ಮ ದಕ್ಕೆಯಲ್ಲಿ ನಿಜವಾಗಿ ಕೈ ಬದಲಾಯಿಸಿದ ಎರಡು ಮೂರು ದೋಣಿಗಳ ಜೊತೆ ಹೋಲಿಸಿ. ಕೇಳಿದ ಬೆಲೆ ಬೇಡ, ಕೊಟ್ಟ ಹಣ ಬೇಕು. ಋತುವನ್ನೂ ಗಮನಿಸಿ. ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮಿಗೆ ಎಲ್ಲರೂ ಸಜ್ಜಾಗುವಾಗ ಚೌಕಾಸಿಗೆ ಹೆಚ್ಚು ಜಾಗವಿರುವುದಿಲ್ಲ. ಆದರೆ ಮಾರುವವರ ಮನೆಯಲ್ಲಿ ಆಸ್ಪತ್ರೆಯ ಖರ್ಚೋ ಮಗಳ ಮದುವೆಯೋ ಇದೆ ಎಂದು ತಿಳಿದು ಲೆಕ್ಕಕ್ಕಿಂತ ಕೆಳಗೆ ಎಳೆಯುವುದು ಅನ್ಯಾಯ. ಒಡಲು ಬಡಿದು ಹಾಕಿದ ಗೆರೆಗಳನ್ನು ಅವರಿಗೂ ತೋರಿಸಿ, ದುರಸ್ತಿಯ ಚೀಟಿಯನ್ನು ಅವರ ಕೈಗೇ ಕೊಡಿ.

ಮುಂಗಡ ಕೊಡುವ ಮೊದಲು ನೋಂದಣಿ ಪತ್ರದಲ್ಲಿರುವ ಹೆಸರು, ದೋಣಿಯ ಮೇಲೆ ಬರೆದ ಸಂಖ್ಯೆ, ಎಂಜಿನ್ ಸಂಖ್ಯೆ ಮೂರನ್ನೂ ತಾಳೆ ನೋಡಿ. ಸಾಲವಿದ್ದರೆ ಬ್ಯಾಂಕ್ ಅಥವಾ ಸಹಕಾರ ಸಂಘದ ಬೇಬಾಕಿ ಪತ್ರ ಕೇಳಿ. ಸಹಾಯಧನದಲ್ಲಿ ಕೊಂಡ ದೋಣಿ ಅಥವಾ ಎಂಜಿನ್ ಆಗಿದ್ದರೆ ಮಾರಲು ಷರತ್ತುಗಳಿವೆಯೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕೊನೆಗೆ, ದೋಣಿಯನ್ನು ನೀರಿಗಿಳಿಸಿ ನಾಲ್ಕು ಜನ ಕುಳಿತು ಒಂದು ಗಂಟೆ ಓಡಿಸಿ, ಒಳಗೆ ಸೇರಿದ ನೀರನ್ನು ಬಕೆಟ್ಟಿನಲ್ಲಿ ಅಳೆಯಿರಿ. ಎಲ್ಲ ಸರಿ ಕಂಡರೆ ಇಬ್ಬರು ಸಾಕ್ಷಿಗಳ ಮುಂದೆ ಬರೆದುಕೊಂಡು ಹಣ ಕೊಡಿ, ಒಂದು ಪಾಲನ್ನು ನೋಂದಣಿ ನಿಮ್ಮ ಹೆಸರಿಗೆ ಬದಲಾಗುವ ದಿನಕ್ಕೆ ಉಳಿಸಿಕೊಳ್ಳಿ.