ಬಯಲು ಅಂಕಣಕ್ಕೆ ಬಾಸ್ಕೆಟ್‌ಬಾಲ್ ಆರಿಸುವುದು: ಹೊದಿಕೆ, ಹಿಡಿತ ಮತ್ತು ಗುರಿ

ಬಳ್ಳಾರಿಯಂಥ ಊರಿನಲ್ಲಿ, ಬಯಲಿನ ಸಿಮೆಂಟ್ ಅಂಕಣದಲ್ಲಿ ಅಭ್ಯಾಸ ಮಾಡುವವರು ಚೆಂಡು ಕೊಳ್ಳುವಾಗ ಮೊದಲು ಅದರ ಹೊದಿಕೆಯನ್ನು ನೋಡಬೇಕು. ಶೂಟ್ ಮಾಡುವಾಗ ಚೆಂಡನ್ನು ಕೊನೆಗೆ ಬಿಡುವುದು ತೋರುಬೆರಳು ಮತ್ತು ನಡುಬೆರಳಿನ ತುದಿಗಳು. ಹೊದಿಕೆಯ ಸಣ್ಣ ಉಬ್ಬುಗಳು ಆ ತುದಿಗಳಿಗೆ ಹಿಡಿತ ಕೊಟ್ಟರೆ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೊರಡುತ್ತದೆ. ಒಳ್ಳೆಯ ಫ್ರೀ ಥ್ರೋದಲ್ಲಿ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಅಡ್ಡಿಯಿಲ್ಲದ ಎಸೆತದಲ್ಲಿ, ಇದು ಸೆಕೆಂಡಿಗೆ ಸುಮಾರು 3 ಸುತ್ತು. ಹಾಗೆ ಸುತ್ತುವ ಚೆಂಡು ರಿಮ್ಮಿನ (ಬುಟ್ಟಿಯ ಬಳೆಯ) ಹಿಂಬದಿಗೋ ಬೋರ್ಡಿಗೋ ತಾಗಿದಾಗ ವೇಗ ಕಳೆದುಕೊಂಡು ಬುಟ್ಟಿಯತ್ತ ಇಳಿಯುತ್ತದೆ. ಸುತ್ತಿಲ್ಲದ ಚೆಂಡು ಅದೇ ಜಾಗಕ್ಕೆ ತಾಗಿ ಹೊರಕ್ಕೆ ಸಿಡಿಯುವುದೇ ಹೆಚ್ಚು.

ಅಪ್ಪಟ ಚರ್ಮದ ಚೆಂಡು ಒಳಾಂಗಣದ ಮರದ ನೆಲಕ್ಕೆ ಹೇಳಿ ಮಾಡಿಸಿದ್ದು. ಸಿಮೆಂಟಿನ ಮೇಲೆ ಅದು ಬೇಗ ಸವೆಯುವುದರಿಂದ ಇಲ್ಲಿ ಅದಕ್ಕೆ ಹಣ ಸುರಿಯುವುದು ವ್ಯರ್ಥ. ರಬ್ಬರ್ ಚೆಂಡು ಬಾಳಿಕೆ ಬರುತ್ತದೆ, ಕಲಿಯುವ ಮಕ್ಕಳಿಗೆ ಅಷ್ಟೇ ಸಾಕು. ಆದರೆ ಬೆವರಿದ ಕೈಯಲ್ಲಿ ಜಾರುತ್ತದೆ. ದಿನವೂ ಆಡುವವರಿಗೆ ಹೊರಾಂಗಣಕ್ಕೂ ಸಲ್ಲುತ್ತದೆಂದು ನಮೂದಿಸಿದ ಕಾಂಪೊಸಿಟ್ ಚೆಂಡೇ, ಅಂದರೆ ಕೃತಕ ಚರ್ಮದ್ದೇ, ಲೇಸು.

ಸಂಡೂರು ಕಡೆಯ ಕೆಂಪು ಧೂಳಿರಲಿ, ಎರೆಮಣ್ಣಿನ ಪುಡಿಯಿರಲಿ, ಉಬ್ಬುಗಳ ನಡುವೆ ಕುಳಿತರೆ ಎಂಥ ದುಬಾರಿ ಚೆಂಡೂ ಕೈಗೆ ನಿಲ್ಲುವುದಿಲ್ಲ. ಆಟ ಮುಗಿದೊಡನೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಗೆರೆಗಳ ಒಳಗೂ ಒರೆಸಿ, ನೆರಳಿನಲ್ಲಿ ಆರಿಸಬೇಕು.

ತುಂಬಬೇಕಾದ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಸೂಜಿ ಚುಚ್ಚುವ ತೂತಿನ ಬಳಿ ಅಚ್ಚು ಹಾಕಿರುತ್ತಾರೆ; ಹೆಚ್ಚಿನವಕ್ಕೆ ಅದು 7ರಿಂದ 9 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಬೆಳಿಗ್ಗೆ 25 ಡಿಗ್ರಿಯಲ್ಲಿ 8 ಪಿಎಸ್‌ಐ ತುಂಬಿದ ಚೆಂಡು 40 ಡಿಗ್ರಿಗೆ ಬಿಸಿಯೇರಿದಾಗ 9ನ್ನು ದಾಟಿ ಅತಿಯಾಗಿ ಪುಟಿಯತೊಡಗುತ್ತದೆ. ಆದ್ದರಿಂದ ಆಡುವ ಹೊತ್ತಿಗೇ ಒತ್ತಡ ಅಳೆಯಬೇಕು. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡುವ ರೂಢಿಯನ್ನು ನಾನು ನಂಬುವುದಿಲ್ಲ, 1.8 ಮೀಟರ್ ಎತ್ತರದಿಂದ ಬಿಟ್ಟಾಗ ಚೆಂಡಿನ ಮೇಲ್ತುದಿ 1.2ರಿಂದ 1.4 ಮೀಟರ್‌ವರೆಗೆ ಏರಿದರೆ ಗಾಳಿ ಸರಿಯಾಗಿದೆ.

ಹೊದಿಕೆ ಬದಲಾದರೆ ಪಳಗಿದ ಕೈಯೂ ತಡವರಿಸುತ್ತದೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2006ರಲ್ಲಿ ಚರ್ಮವನ್ನು ಬಿಟ್ಟು ಮೈಕ್ರೋಫೈಬರ್ (ಕೃತಕ ನವಿರೆಳೆಯ) ಚೆಂಡನ್ನು ತಂದಾಗ, ಅದು ಒದ್ದೆಯಾದರೆ ಜಾರುತ್ತದೆ, ಬೆರಳು ಕೊಯ್ಯುತ್ತದೆ ಎಂದು ಆಟಗಾರರು ದೂರಿದ್ದರಿಂದ, 2007ರ ಜನವರಿ 1ರಿಂದ ಚರ್ಮದ ಚೆಂಡೇ ಮರಳಿತು. ಹಾಗಾಗಿ ಪಂದ್ಯದ ಚೆಂಡು ಯಾವ ಹೊದಿಕೆಯದೆಂದು ಸಂಘಟಕರನ್ನು ಮೊದಲೇ ಕೇಳಿ, ಕೊನೆಯ ಎರಡು ವಾರವಾದರೂ ಅಂಥದ್ದರಲ್ಲೇ ಫ್ರೀ ಥ್ರೋ ಅಭ್ಯಾಸ ಮಾಡಬೇಕು. ಅಳತೆಯೂ ಹೊಂದಬೇಕು, ಮಹಿಳೆಯರಿಗೆ 6ನೇ ನಂಬರ್ ಚೆಂಡು, ಪುರುಷರಿಗೆ 7ನೆಯದು.