ವಿಮಾನ ಹತ್ತುವಾಗ ರಂಜಕದ ಡಬ್ಬಿ ಎಲ್ಲಿಡಬೇಕು?

ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದವರು ಸಂಘಕ್ಕೆ ಬಂದು ಬಾಡಿಗೆ ಮನೆ, ಶಾಲೆ, ಗ್ಯಾಸ್ ಎಲ್ಲಾ ಕೇಳಿ ಮುಗಿಸಿರುತ್ತಾರೆ. ಹಬ್ಬ ಹತ್ತಿರ ಬಂತು ಅಂದರೆ ಇನ್ನೊಂದು ಪ್ರಶ್ನೆ ಶುರು. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಹೋಗುವಾಗ ಕೈಚೀಲದಲ್ಲಿ ಏನೇನು ಒಯ್ಯಬಹುದು?

ಪೇಡೆ ವಿಷಯ ಮೊದಲೇ ಮುಗಿಸಿಬಿಡೋಣ. ಲೈನ್ ಬಜಾರಿನ ಪೇಡೆ, ಕರದಂಟು, ಕಡಕ್ ರೊಟ್ಟಿ ಎಲ್ಲಾ ಗಟ್ಟಿ ತಿನಿಸು, ಆರಾಮಾಗಿ ಕೈಯಲ್ಲೇ ಇಟ್ಟುಕೊಳ್ಳಿ. ತಕರಾರು ಬರುವುದು ಹರಿಯುವ, ಮೆತ್ತಗಿರುವ, ಎಣ್ಣೆ ಜಿನುಗುವ ಸಾಮಾನಿಗೆ. ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ತುಪ್ಪ ಮೂರನ್ನೂ ಸುಮ್ನೆ ಚೆಕ್-ಇನ್ ಬ್ಯಾಗಿಗೆ, ಅಂದರೆ ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಬ್ಯಾಗಿಗೆ ಹಾಕಿ. ಬ್ಯಾಡಗಿ ಮೆಣಸಿನಕಾಯಿ ಖಾರ ಪುಡಿಯೇ ಅಲ್ವಾ ಅಂತ ಕೈಚೀಲಕ್ಕೆ ತುರುಕಬೇಡಿ, ಕಣ್ಣಿಗೆ ಎರಚುವ ವಸ್ತು ಅಂತ ಅದನ್ನೂ ತಡೆಯುತ್ತಾರೆ. ಒಣ ಕೊಬ್ಬರಿಯನ್ನಂತೂ ಎರಡೂ ಬ್ಯಾಗಿನಲ್ಲಿ ಇಡಬೇಡಿ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಅದು ಬೆಂಕಿ ಹಿಡಿಯುವ ಸಾಮಾನುಗಳ ಪಟ್ಟಿಯಲ್ಲಿದೆ.

ದೇಶದೊಳಗೇ ಹೋಗುವವರಿಗೆ ನೀರಿನ ಬಾಟಲಿಯಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದು ಗುಟುಕು ಕುಡಿದು ತೋರಿಸಿ ಅಂದರೆ ಕುಡಿದು ತೋರಿಸಿ, ಅದರಲ್ಲಿ ಸಿಟ್ಟಾಗುವಂಥದ್ದು ಏನಿಲ್ಲ.

ವಿದೇಶಕ್ಕಾದರೆ ಲೆಕ್ಕವೇ ಬೇರೆ. ಒಂದೊಂದು ಬಾಟಲಿ 100 ಮಿ.ಲೀ. ಒಳಗಿರಬೇಕು, ಎಲ್ಲಾ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಯಬೇಕು, ತಲೆಗೊಂದೇ ಚೀಲ. 2006ರ ಆಗಸ್ಟ್‌ನಲ್ಲಿ ಲಂಡನ್‌ನಿಂದ ಅಮೆರಿಕ, ಕೆನಡಾ ಕಡೆ ಹೊರಡುವ ವಿಮಾನಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ತುಂಬಿ ಉಡಾಯಿಸುವ ಸಂಚು ಸಿಕ್ಕಿಬಿದ್ದ ಮೇಲೆ ಬಂದ ನಿಯಮ ಇದು. ಇಲ್ಲಿ ನೋಡುವುದು ಬಾಟಲಿಯ ಮೇಲೆ ಬರೆದ ಅಳತೆಯನ್ನು. ಹಿಂಡಿ ಹಿಂಡಿ ತಳಕ್ಕೆ ಬಂದ 150 ಗ್ರಾಂ ಟೂತ್‌ಪೇಸ್ಟ್ ಆದರೂ ತೆಗೆದಿಡಿಸುತ್ತಾರೆ. ಮೊಸರು, ಜಾಮ್, ಶ್ಯಾಂಪೂ, ತಲೆಗೆ ಹಚ್ಚುವ ಎಣ್ಣೆ ಎಲ್ಲಕ್ಕೂ ಇದೇ ಲೆಕ್ಕ. ಕೂಸಿನ ಹಾಲು ಮತ್ತು ಔಷಧಿಗೆ ವಿನಾಯಿತಿ ಇದೆ, ಡಾಕ್ಟರ ಚೀಟಿ ಜೊತೆಗಿರಲಿ.

ನಮ್ಮವರು ಜಾಸ್ತಿ ಸಿಕ್ಕಿಬೀಳುವುದು ಬೆಂಗಳೂರಿನಲ್ಲಿ. ಹುಬ್ಬಳ್ಳಿಯಲ್ಲಿ ಬಿಟ್ಟರಲ್ಲ ಅಂತ ಧೈರ್ಯವಾಗಿ ನೀರು, ಮೊಸರನ್ನದ ಡಬ್ಬಿ ಹಿಡಿದು ಹೋಗಿರುತ್ತಾರೆ, ಅಲ್ಲಿ ವಿದೇಶ ವಿಮಾನಕ್ಕೆ ಮತ್ತೊಮ್ಮೆ ಚೆಕಿಂಗ್ ಆಗುತ್ತದೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿದ್ದರೆ ದೊಡ್ಡ ಬ್ಯಾಗ್ ಸಾಮಾನ್ಯವಾಗಿ ಹುಬ್ಬಳ್ಳಿಯಿಂದಲೇ ಮುಂದಕ್ಕೆ ಹೋಗಿರುತ್ತದೆ, ಕೈಯಲ್ಲಿದ್ದದ್ದನ್ನು ಅದರೊಳಗೆ ಹಾಕೋಣ ಅಂದರೆ ಬ್ಯಾಗೇ ಇಲ್ಲ. "ಅಣ್ಣಾರ, ಮನೀ ತುಪ್ಪ ಐತ್ರೀ" ಅಂದರೂ ಕೇಳುವುದಿಲ್ಲ, ಕಣ್ಣೆದುರೇ ಕಸದ ಡಬ್ಬಿಗೆ ಹೋಗುತ್ತದೆ. ಟಿಕೆಟ್ ಬೇರೆ ಬೇರೆ ಇದ್ದರೆ ಬ್ಯಾಗ್ ನಿಮ್ಮ ಕೈಗೆ ಬರುತ್ತದೆ, ಮತ್ತೆ ಚೆಕ್-ಇನ್ ಮಾಡುವ ಮೊದಲು ಅದಕ್ಕೆ ಹಾಕಿಕೊಳ್ಳಬಹುದು. ಹಾಗಾಗಿ ಹುಬ್ಬಳ್ಳಿ ಕೌಂಟರಿನಲ್ಲೇ "ಬ್ಯಾಗ್ ಎಲ್ಲಿವರೆಗೆ ಹೋಗುತ್ತದೆ?" ಅಂತ ಕೇಳಿ, ಚೀಟಿ ಮೇಲೆ ಕೊನೆಯ ಊರಿನ ಹೆಸರು ಇದೆಯಾ ನೋಡಿಕೊಳ್ಳಿ.

ರಂಜಕ ಕಟ್ಟುವ ರೀತಿಯೂ ಇದೆ. ಡಬ್ಬಿ ಅಂಚಿನವರೆಗೆ ತುಂಬಬೇಡಿ. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿ, ಸುತ್ತ ಟೇಪ್ ಹಚ್ಚಿ, ಎರಡು ಕವರ್ ಹಾಕಿ, ಹಳೆ ಟವೆಲ್‌ನಲ್ಲಿ ಸುತ್ತಿ ಬ್ಯಾಗಿನ ನಡುವೆ ಇಡಿ. ಆ ಕೆಂಪು ಎಣ್ಣೆ ಬಿಳಿ ಅಂಗಿಗೆ ತಾಗಿದರೆ ಯಾವ ಸೋಪಿಗೂ ಹೋಗುವುದಿಲ್ಲ.

ಇಳಿಯುವ ದೇಶದ ಕಸ್ಟಮ್ಸ್ ಮತ್ತೊಂದು ಕಥೆ. ಆಸ್ಟ್ರೇಲಿಯಾದಂಥ ಕಡೆ ಪೇಡೆ, ತುಪ್ಪ ಏನೇ ತಿನ್ನುವ ಸಾಮಾನು ಇದ್ದರೂ ಫಾರ್ಮ್‌ನಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ. ಇನ್ನು ಪವರ್ ಬ್ಯಾಂಕ್ ಮಾತ್ರ ಇದೆಲ್ಲದರ ಉಲ್ಟಾ: ಅದನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್‌ಗೆ ಹಾಕಿದರೆ ಹೆಸರು ಹಿಡಿದು ಕರೆದು ಬ್ಯಾಗ್ ಬಿಚ್ಚಿಸುತ್ತಾರೆ.