ಮುಧೋಳ ನಾಯಿಗೆ ‘ಇತ್ತ’ ಕಲಿಸುವುದು: ನನ್ನ ಅನುಭವ

ಮುಧೋಳ ನಾಯಿ ಸಾಕಿದವರ ದೂರು ಹೆಚ್ಚಾಗಿ ಒಂದೇ ನಮೂನೆಯದು. ಮನೆಯಲ್ಲಿ ಬೆಣ್ಣೆಯಂಥ ನಾಯಿ, ಹೊಲಕ್ಕೆ ಬಿಟ್ಟರೆ ಗಂಟಲು ಹರಿಯುವಂತೆ ಕೂಗಿದರೂ ತಿರುಗಿ ನೋಡುವುದಿಲ್ಲ. ಇದನ್ನು ಹಟ ಎಂದು ತಿಳಿದು ಹೊಡೆಯುವವರಿದ್ದಾರೆ. ಅದು ಹಟವಲ್ಲ. ಕಣ್ಣಿನಿಂದ ಬೇಟೆ ಗುರುತಿಸಿ, ಮಾಲೀಕನ ಅಪ್ಪಣೆಗೆ ಕಾಯದೆ ಓಡಲೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ ಇದು. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿದ್ದೂ ಆ ಗುಣಕ್ಕಾಗಿಯೇ. ಮೊಲದ ಮೇಲೆ ಕಣ್ಣು ನೆಟ್ಟಿತೆಂದರೆ ಅದರ ಕಿವಿ ಕೆಲಸ ಮಾಡುವುದಿಲ್ಲ. ಹಾಗಾಗಿ ಕಣ್ಣು ನೆಡುವ ಮೊದಲಿನ ಎರಡು ಮೂರು ಸೆಕೆಂಡು ಮಾತ್ರ ನಮ್ಮವು. ನಾನು ಕಲಿಸುವುದೆಲ್ಲ ಆ ಎರಡು ಮೂರು ಸೆಕೆಂಡಿಗಾಗಿ.

ಮೊದಲು ಶಬ್ದದ ಮಾತು. ನಮ್ಮ ಕಡೆ ಮನೆಯಲ್ಲಿ ದಿನವಿಡೀ ‘ಬಾ’, ‘ಬ್ಯಾಡ’, ‘ಬಿಡು’ ಎನ್ನುತ್ತಿರುತ್ತೇವೆ. ಮೂರೂ ‘ಬ’ದಿಂದ ಶುರುವಾಗುವ ಗಿಡ್ಡ ಶಬ್ದಗಳು, ದೂರದಿಂದ ಕೇಳುವ ನಾಯಿಗೆ ವ್ಯತ್ಯಾಸ ಹತ್ತುವುದಿಲ್ಲ. ಅದಕ್ಕೇ ಕರೆಯಲು ನಾನು ‘ಇತ್ತ’ ಎಂಬ ಶಬ್ದ ಇಟ್ಟುಕೊಂಡಿದ್ದೇನೆ. ಕೂಡಿಸುವುದಕ್ಕೂ ಇದೇ ತೊಂದರೆ: ಅಜ್ಜಿ ‘ಕುಂದ್ರು’ ಅಂದರೆ ಅಪ್ಪ ‘ಕೂಡ್ರು’ ಅನ್ನುತ್ತಾರೆ, ಹುಡುಗರು ‘ಸಿಟ್’ ಅನ್ನುತ್ತಾರೆ. ಯಾವ ಶಬ್ದವಾದರೂ ಸರಿ, ಮನೆಮಂದಿಯೆಲ್ಲ ಒಂದನ್ನೇ ಬಳಸಬೇಕು. ಬಯಲಿಗೆ ಶಬ್ದದ ಜೊತೆ ಸೀಟಿಯೂ ಬೇಕು. ಸಿಟ್ಟು ಬಂದಾಗ ನಮ್ಮ ದನಿ ಬದಲಾಗುತ್ತದೆ, ಸೀಟಿಯದು ಬದಲಾಗುವುದಿಲ್ಲ. ಮೂರು ಗಿಡ್ಡ ಊದು, ಯಾವಾಗಲೂ ಅಷ್ಟೇ.

ಮೊದಲ ಹತ್ತು ದಿನ ನಾಯಿಯನ್ನು ಕರೆಯುವುದೇ ಇಲ್ಲ. ಅದು ಎರಡು ಹೆಜ್ಜೆ ದೂರದಲ್ಲಿ ನಿಂತಿರುವಾಗ ಸೀಟಿ ಊದಿ, ‘ಇತ್ತ’ ಎಂದು ಹೇಳಿ, ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ತುತ್ತು. ಒಂದು ಸಲಕ್ಕೆ ಹತ್ತು ತುತ್ತು, ದಿನಕ್ಕೆ ಮೂರು ಸಲ, ಪ್ರತಿ ಸಲ ಐದು ನಿಮಿಷ ಮೀರದಂತೆ. ತುತ್ತು ಎಂದರೆ ಉಪ್ಪು, ಉಳ್ಳಾಗಡ್ಡಿ ಇಲ್ಲದೆ ಬೇಯಿಸಿದ ಕೋಳಿ ಮಾಂಸ ಅಥವಾ ಲಿವರ್, ಕಡಲೆಕಾಳಿನಷ್ಟು. ಜೋಳದ ರೊಟ್ಟಿ ಚೂರು ಹಾಕಿ ಕಲಿಸಲು ನೋಡುವವರು ಸೋಲುತ್ತಾರೆ. ದಿನಾ ಬೋಗುಣಿಯಲ್ಲಿ ಸಿಗುವ ರೊಟ್ಟಿಗಾಗಿ ಯಾವ ನಾಯಿಯೂ ಓಡುತ್ತಿರುವ ಆಡನ್ನು ಬಿಟ್ಟು ಬರುವುದಿಲ್ಲ. ಅಂಗಡಿಯ ಬಿಸ್ಕತ್ತು ಒಣಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅಗಿಯುವಷ್ಟರಲ್ಲಿ ಪಾಠ ಮರೆತಿರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಎಂದೂ ಕೊಡಬೇಡಿ. ವಿಜಯಪುರದ ಕಡೆ ಮನೆ ಮನೆಯಲ್ಲಿ ಮಣೂಕ (ಒಣದ್ರಾಕ್ಷಿ) ಇರುತ್ತದೆ, ಆದರೆ ಅದು ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು.

ಇನ್ನು ಹಗ್ಗ. ಈ ಕೆಲಸದಲ್ಲಿ ಅರ್ಧ ಹಗ್ಗದ್ದೇ. ಹತ್ತು ಮೀಟರ್ ಉದ್ದದ, ಹೆಬ್ಬೆರಳಿಗಿಂತ ಸ್ವಲ್ಪ ತೆಳುವಾದ ನೂಲಿನ ಹಗ್ಗ ತರುತ್ತೇನೆ. ನೈಲಾನ್ ಅಗ್ಗ, ಆದರೆ ನಾಯಿ ಜಗ್ಗಿಕೊಂಡು ಓಡಿದರೆ ಅಂಗೈ ಚರ್ಮ ಕಿತ್ತುಬರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬೆರಳು ಮುರಿಯುತ್ತದೆ. ನೆಲದ ಮೇಲೆ ಎಳೆದುಕೊಂಡು ಹೋಗಲು ಬಿಟ್ಟು, ಬೇಕಾದಾಗ ಕಾಲಿನಿಂದ ಮೆಟ್ಟಿ ಹಿಡಿಯಬೇಕು. ಬಯಲು ನೆಲದಲ್ಲಿ ಮೀಟರಿಗೊಂದು ಗಂಟು ಹಾಕಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಕಬ್ಬು, ಜೋಳ ಕೊಯ್ದ ಕೂಳೆ ಹೊಲದಲ್ಲಿ ಗಂಟು ಬೇಡ, ಕೂಳೆಗೆ ಸಿಕ್ಕಿಹಾಕಿಕೊಂಡು ನಾಯಿ ಮಗುಚಿ ಬೀಳುತ್ತದೆ.

ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಎಂದೂ ಕಟ್ಟಬೇಡಿ. ಈ ನಾಯಿ ನಾಲ್ಕೈದು ನೆಗೆತದಲ್ಲೇ ಪೂರ್ತಿ ವೇಗ ಹಿಡಿಯುತ್ತದೆ. ಆ ವೇಗದಲ್ಲಿ ಹಗ್ಗ ಮುಗಿದರೆ ಪೆಟ್ಟೆಲ್ಲ ತೆಳ್ಳಗಿನ ಉದ್ದ ಕೊರಳಿಗೆ. ಎದೆ, ಬೆನ್ನು ಸುತ್ತುವ ಹಾರ್ನೆಸ್‌ನ ಬೆನ್ನಿನ ಬಳೆಗೆ ಕಟ್ಟಿ. ಬೀದಿಯಲ್ಲಿ ನಡೆಸುವ ಗಿಡ್ಡ ಹಗ್ಗಕ್ಕೆ ಕೊರಳಪಟ್ಟಿ ನಡೆಯುತ್ತದೆ, ಆದರೆ ಅದು ಎರಡು ಇಂಚು ಅಗಲದ್ದು, ಎಳೆದಾಗ ಸ್ವಲ್ಪವೇ ಬಿಗಿಯಾಗುವ ಮಾರ್ಟಿಂಗೇಲ್ ಮಾದರಿಯದು ಇರಲಿ. ಮುಧೋಳ ನಾಯಿಯ ತಲೆ ಕೊರಳಿಗಿಂತ ಹೆಚ್ಚೇನೂ ದಪ್ಪವಿಲ್ಲ. ಸಾದಾ ಬಕಲ್ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ತಲೆ ಕಳಚಿಕೊಳ್ಳುತ್ತದೆ, ಅದೂ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವ ರಸ್ತೆಯ ಪಕ್ಕದಲ್ಲಿ.

ಹನ್ನೊಂದನೆಯ ದಿನದಿಂದ ದೂರ ಹೆಚ್ಚಿಸುತ್ತೇನೆ. ಪಡಸಾಲೆಯಲ್ಲಿ ಮೂರು ಮೀಟರ್, ಅಂಗಳದಲ್ಲಿ ಐದು, ಕಣದಲ್ಲಿ ಹತ್ತು. ಒಮ್ಮೆ ಮಾತ್ರ ಕರೆಯುವುದು. ಬರಲಿಲ್ಲವೆಂದರೆ ಎರಡನೆಯ ಸಲ ಕೂಗದೆ, ಹಗ್ಗ ಹಿಡಿದು ಮೆಲ್ಲಗೆ ನನ್ನತ್ತ ತಿರುಗಿಸುತ್ತೇನೆ, ಬಂದಮೇಲೆ ತುತ್ತು ಕೊಡುತ್ತೇನೆ. ನಾಲ್ಕು ಸಲ ಕೂಗಿದರೆ ನಾಯಿ ಕಲಿಯುವುದು ‘ನಾಲ್ಕನೆಯದಕ್ಕೆ ಹೋದರಾಯಿತು’ ಎಂದು. ಒಂದು ಜಾಗದಲ್ಲಿ ಮೂರು ದಿನ ಹತ್ತಕ್ಕೆ ಹತ್ತೂ ಬಂದರೆ ಮುಂದಿನ ಜಾಗ. ಹತ್ತರಲ್ಲಿ ಏಳಕ್ಕಿಂತ ಕಡಿಮೆ ಬಂದರೆ ಹಿಂದಿನ ಜಾಗಕ್ಕೆ ಮರಳಬೇಕು, ನಾಚಿಕೆ ಪಡಬೇಕಿಲ್ಲ.

ಕುರಿ ಹಿಂಡಿನ ಎದುರು ಕಲಿಸುವುದು ಎಲ್ಲಕ್ಕಿಂತ ಕಷ್ಟದ ಪಾಠ. ಕುರಿಗಾರರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು, 150 ಮೀಟರ್ ದೂರದಲ್ಲಿ ನಿಲ್ಲುತ್ತೇನೆ. ನಾಯಿಯ ಮುಖವನ್ನೇ ನೋಡುತ್ತಿರಬೇಕು. ತೆರೆದಿದ್ದ ಬಾಯಿ ಮುಚ್ಚುತ್ತದೆ, ಕಿವಿಯ ಬುಡ ಮೇಲೇಳುತ್ತದೆ, ಬಾಲ ಅಲುಗದೆ ನಿಲ್ಲುತ್ತದೆ, ಕೊರಳು ಮುಂದಕ್ಕೆ ಚಾಚುತ್ತದೆ. ಬಾಯಿ ಮುಚ್ಚಿದ ಕ್ಷಣವೇ ಸೀಟಿ ಊದಬೇಕು. ಕೊರಳು ಚಾಚಿದ ಮೇಲೆ ಊದಿದರೆ ಸೀಟಿಯ ಬೆಲೆ ಕಳೆಯುತ್ತದೆ. ತುತ್ತು ಮೂಗಿಗೆ ಹಿಡಿದರೂ ತಿನ್ನದಿದ್ದರೆ ಹಿಂಡು ತೀರ ಹತ್ತಿರ ಎಂದರ್ಥ. ಇನ್ನೂ 50 ಮೀಟರ್ ಹಿಂದೆ ಸರಿಯುತ್ತೇನೆ. ದಿನ ಕಳೆದಂತೆ ಹಿಂಡು ನೋಡಿದೊಡನೆ ತಾನಾಗಿ ನಮ್ಮ ಮುಖ ನೋಡಲು ಶುರುಮಾಡುತ್ತದೆ. ಆಗ ವಾರಕ್ಕೆ ಹತ್ತಿಪ್ಪತ್ತು ಮೀಟರ್ ಹತ್ತಿರ ಹೋಗಬಹುದು, ಅವಸರ ಬೇಡ. ಒಮ್ಮೆ ಆಡು ಕೊಂದು ರುಚಿ ಕಂಡ ನಾಯಿಯನ್ನು ಹಿಂಡಿನ ಸುತ್ತಮುತ್ತ ನಾನು ಹಗ್ಗ ಬಿಚ್ಚಿ ಬಿಡುವುದಿಲ್ಲ, ಎಷ್ಟೇ ಚೆನ್ನಾಗಿ ಕಲಿತಿದ್ದರೂ.

ಮುಧೋಳ, ಬೀಳಗಿ ತಾಲ್ಲೂಕಿನವರಿಗೆ ಇನ್ನೊಂದು ಮಾತು. ಯಡಹಳ್ಳಿ ಚಿಂಕಾರ ಧಾಮದ ಆಸುಪಾಸಿನಲ್ಲಿ ಈ ನಾಯಿಯನ್ನು ಬಿಡಲೇಬೇಡಿ. ಚಿಂಕಾರ ಎಂಬ ಸಣ್ಣ ಹುಲ್ಲೆಗೆ ನಾಯಿಯ ಅಟ್ಟಾಟವೇ ಪ್ರಾಣಕ್ಕೆ ಬರಬಹುದು. ಮೊಲ ಹಿಡಿಸುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಓಡಿಸಬೇಕೆಂದರೆ ಬೇಲಿ ಇರುವ ಪಡ (ಬಿತ್ತದೆ ಬಿಟ್ಟ ಹೊಲ), ಗೋಡೆ ಇರುವ ಮೈದಾನ ಹುಡುಕಿ.

ಕಲಿತ ಪಾಠ ಕೆಡಲು ಮುಖ್ಯ ಕಾರಣ ಒಂದೇ: ಮನೆಗೆ ಕಟ್ಟಲು ಮಾತ್ರ ಕರೆಯುವುದು. ‘ಇತ್ತ’ ಅಂದರೆ ಆಟ ಮುಗಿಯಿತು ಎಂದು ನಾಯಿ ಲೆಕ್ಕ ಹಾಕುತ್ತದೆ. ಹತ್ತು ಸಲ ಕರೆದರೆ ಒಂಬತ್ತು ಸಲ ತುತ್ತು ಕೊಟ್ಟು ಮತ್ತೆ ಓಡಲು ಬಿಡಿ. ತಡವಾಗಿ ಬಂದ ನಾಯಿಗೆ ಹೊಡೆಯುವುದು ಇನ್ನೂ ಕೆಟ್ಟದ್ದು, ಅದಕ್ಕೆ ತಿಳಿಯುವುದು ಹತ್ತಿರ ಬಂದರೆ ಏಟು ಬೀಳುತ್ತದೆ ಎಂದಷ್ಟೇ. ಮುಧೋಳ ನಾಯಿ ಬಹಳ ಸೂಕ್ಷ್ಮ, ಒಂದು ಏಟನ್ನು ತಿಂಗಳುಗಟ್ಟಲೆ ಮರೆಯುವುದಿಲ್ಲ. ಕರೆಂಟ್ ಕೊಡುವ ಕೊರಳಪಟ್ಟಿಯನ್ನಂತೂ ನಾನು ಮುಟ್ಟುವುದಿಲ್ಲ. ಅದರ ನೋವನ್ನು ನಾಯಿ ಆ ಕ್ಷಣ ಎದುರಿಗೆ ಕಂಡದ್ದಕ್ಕೆ ಜೋಡಿಸುತ್ತದೆ. ಎದುರಿಗೆ ಕಂಡದ್ದು ಪಕ್ಕದ ಮನೆಯ ಮಗುವಾಗಿದ್ದರೆ ಮುಂದೆ ಮಗುವಿಗೇ ಹಲ್ಲು ತೋರಿಸುತ್ತದೆ. ಎಂಟು ತಿಂಗಳಿಂದ ಹದಿನಾಲ್ಕು ತಿಂಗಳ ನಡುವೆ, ಹರೆಯದಲ್ಲಿ, ಕಲಿತದ್ದೆಲ್ಲ ಮರೆತಂತೆ ಆಡುವುದು ಸಹಜ. ಆಗ ಹಗ್ಗ ಮತ್ತೆ ಹಾಕಿ.

ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿದ ನಾಯಿ ಬೊಗಳುವುದು, ಬಂದವರ ಮೇಲೆ ಎಗರುವುದು ನಡವಳಿಕೆಯ ದೋಷವಲ್ಲ, ಕಟ್ಟಿದ್ದರ ಫಲ. ಕಟ್ಟಲೇಬೇಕಾದರೆ ಎರಡು ಕಂಬಗಳ ನಡುವೆ ಆಳೆತ್ತರಕ್ಕೆ ಹತ್ತು ಮೀಟರ್ ತಂತಿ ಎಳೆದು, ಬಳೆಯಿಂದ ಜಾರುವ ಸರಪಳಿ ಹಾಕಿ. ಕಂಬಕ್ಕೆ ಸುತ್ತಿಕೊಳ್ಳದಿರಲು ಕಂಬದಿಂದ ಸರಪಳಿಯ ಉದ್ದಕ್ಕಿಂತ ಒಂದು ಗೇಣು ಹೆಚ್ಚು ದೂರದಲ್ಲಿ ತಂತಿಗೆ ತಡೆ ಕಟ್ಟಬೇಕು. ತಂತಿಯ ಕೆಳಗೆ ನೆರಳು, ನೀರು ಇರಲಿ.

‘ಕೂಡ್ರು’ ಕಲಿಸಲು ಹೆಣಗಬೇಡಿ. ಮೈಮೇಲೆ ಕೊಬ್ಬು ಕಡಿಮೆ, ತೊಡೆಯ ಸ್ನಾಯು ಬಿಗಿ. ಬರಿಯ ಕಡಪಾ ಕಲ್ಲಿನ ಮೇಲೆ ಕೂಡಲು ಅದಕ್ಕೆ ಹಿತವಿಲ್ಲ. ಅದರ ಬದಲು ‘ನಿಲ್ಲು’ ಕಲಿಸಿ, ಮಲಗಲು ಹಳೆಯ ಕೌದಿ ಹಾಸಿ ‘ಕೌದಿಗೆ’ ಎಂದು ಕಲಿಸಿ. ಅತಿಥಿಗಳು ಬಂದಾಗ ಎಗರುವ ಚಟ ಇದರಿಂದಲೇ ಬಿಡುತ್ತದೆ. ಅತಿಥಿಗಳಿಗೂ ನಾಯಿಯನ್ನು ಮುಟ್ಟದಿರಲು ಹೇಳಿ. ಅಪರಿಚಿತರ ಕೈ ತಲೆಯ ಮೇಲೆ ಬರುವುದು ಈ ತಳಿಗೆ ಸೇರುವುದಿಲ್ಲ. ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟು ಮುಟ್ಟಿದರೆ ಗುರ್ ಎಂದರೆ ಪಾಠಕ್ಕಿಂತ ಮೊದಲು ಪಶುವೈದ್ಯರ ಬಳಿ ಹೋಗಿ. ಕಿವಿಯ ಸೋಂಕು, ಹಲ್ಲುನೋವು ಇರಬಹುದು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಮತ್ತೆ ಹಾಕಿಸಿ.

ಇಷ್ಟೆಲ್ಲ ಮಾಡಿದರೂ ಒಂದಿನ ಕೈತಪ್ಪಿ ಓಡಬಹುದು. ಹಿಂದೆ ಓಡಬೇಡಿ, ಓಡಿದರೆ ನೀವೂ ಬೇಟೆಗೆ ಬಂದಿದ್ದೀರಿ ಎಂದುಕೊಳ್ಳುತ್ತದೆ. ಓಡಿದ ಜಾಗದಲ್ಲೇ ಅದರ ಕೌದಿ ಹಾಸಿ ಒಬ್ಬರು ಕಾಯಬೇಕು, ಹೆಚ್ಚಾಗಿ ನಾಯಿ ಹೊರಟ ಜಾಗಕ್ಕೇ ತಿರುಗಿ ಬರುತ್ತದೆ. ಕಬ್ಬಿನ ಹೊಲ ಹೊಕ್ಕಿದ್ದರೆ ಒಳಗೆ ನುಗ್ಗಿ ಹುಡುಕದೆ ಬದುವಿನ ಮೇಲೆ ನಿಂತು ಸೀಟಿ ಊದಿ. ಬಂದಮೇಲೆ ಬೈಯದೆ ತುತ್ತು ಕೊಟ್ಟು ನೆರಳಿಗೆ ಒಯ್ಯಿರಿ. ನೀರು ಸ್ವಲ್ಪ ಸ್ವಲ್ಪವೇ ಕುಡಿಸಿ, ಹೊಟ್ಟೆಗೆ, ತೊಡೆಸಂದಿಗೆ ನೀರು ಸುರಿಯಿರಿ. ಪಾದದ ಬೆರಳ ಸಂದಿಯಲ್ಲಿ ಜಾಲಿಮುಳ್ಳು ಹುಡುಕಿ ತೆಗೆಯಿರಿ. ಹೊಟ್ಟೆ ತುಂಬ ಊಟ ಹಾಕುವುದು ಒಂದು ತಾಸು ಕಳೆದ ಮೇಲೆ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು.